ನಿಂಗಮ್ಮ ಮೇಡಂ ಕೈಗುಣ ಕಳೆದುಕೊಂಡದ್ದು

ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಫೋನಿಗೆ ಒಂದು ಚಿತ್ರ ಬಂತು. ಫ್ಲೆಕ್ಸಿನ ಮಾದರಿ. ನಡುವೆ ಅಭಯಹಸ್ತದ ಹಾಗೆ ಎತ್ತಿದ ಒಂದು ಕೈ. ಅಂಗೈಯಿಂದ ಬಂಗಾರದ ಕಿರಣಗಳು ಹೊರಟು ನಾಲ್ಕು ಮೂಲೆಗೂ ಹರಡಿವೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಕೈಗುಣದ ಮಹಾತಾಯಿ ಪ್ರೊಫೆಸರ್ ಡಾ. ನಿಂಗಮ್ಮನವರಿಗೆ ಅಭಿನಂದನೆ’. ಮಂಡ್ಯದಲ್ಲಿ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮಾಡುತ್ತಿರುವ ಸಮಾರಂಭ. ಅವರ ಜೊತೆ ಹೆಚ್ಚು ವರ್ಷ ಕೆಲಸ ಮಾಡಿದವನೆಂದು ನಾನೂ ಐದು ನಿಮಿಷ ಮಾತಾಡಬೇಕಂತೆ. ನಾನು ಚಿತ್ರವನ್ನು ನೋಡುತ್ತ ಕೂತೆ. ಕಾಫಿ ಆರಿಹೋಯಿತು.

ಮೊದಲನೆಯ ಮಾತು, ಅದು ಅವರ ಕೈಯೇ ಅಲ್ಲ. ಚಿತ್ರದ ಕೈಗೆ ಮೊಣಕೈವರೆಗೆ ಬಳೆ, ಉಗುರಿಗೆ ಕೆಂಪು ಬಣ್ಣ. ನಿಂಗಮ್ಮ ಮೇಡಂ ಕೈ ನನಗೆ ಗೊತ್ತು. ಗಿಡ್ಡ ಬೆರಳು, ಅಗಲವಾದ ಅಂಗೈ, ಬುಡದವರೆಗೆ ಕತ್ತರಿಸಿದ ಉಗುರು. ಎಡಗೈ ಹೆಬ್ಬೆರಳ ಮೇಲೆ ಹಳೆಯ ಗಾಯದ ಗೆರೆ. ತಮ್ಮ ಊರು ದುದ್ದದಲ್ಲಿ ಹುಡುಗಿಯಾಗಿದ್ದಾಗ ಹಸುವಿಗೆ ಹುಲ್ಲು ಕೊಯ್ಯುತ್ತ ಕುಡುಗೋಲು ತಾಗಿದ್ದು. ಫೋನು ಮಾಡಿ ಇದನ್ನೇ ಹೇಳಿದರೆ ಸಂಘಟಕ ಮಹಾಶಯ, ಅವನೂ ಅವರ ಶಿಷ್ಯನೇ, ನಕ್ಕುಬಿಟ್ಟ. “ಸಾರ್, ಕೈ ಯಾರದಾದರೇನು? ಕೈಗುಣ ಅಂದ್ರೆ ಜನಕ್ಕೆ ತಟ್ ಅಂತ ತಲುಪುತ್ತೆ. ನಿನ್ನೆಯೇ ಎಲ್ಲ ಗ್ರೂಪಿಗೂ ಹಾಕಿದೀವಿ.”

ತಟ್ ಅಂತ ತಲುಪುತ್ತದೆ. ಅದೇ ನನ್ನ ತಲೆನೋವು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ನನಗೆ ಬೇಗ ಬೇಗ ಹೇಳಲು ಬರುವುದಿಲ್ಲ.

ನಾನು ಅರಿವಳಿಕೆ ಡಾಕ್ಟರು. ಹಳ್ಳಿಯವರ ಮಾತಿನಲ್ಲಿ ಮತ್ತು ಕೊಡೋ ಡಾಕ್ಟ್ರು. ಮದ್ದೂರಿನಿಂದ ದಿನಾ ರೈಲಿನಲ್ಲಿ ಮಂಡ್ಯದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೋಗಿ ಬರುತ್ತಿದ್ದೆ. ಆಪರೇಷನ್ ಮೇಜಿನ ಆ ಕಡೆ ಹೆರಿಗೆ ಡಾಕ್ಟರಾದ ಮೇಡಂ, ತಲೆಯ ಕಡೆ ನಾನು. ಉಸಿರು ನೋಡುವುದು, ನಾಡಿ ನೋಡುವುದು, ಕಂಡದ್ದನ್ನು ಕಂಡ ಹಾಗೆ ಹೇಳುವುದು, ಇಷ್ಟು ನನ್ನ ಕೆಲಸ. ಒಂದು ಕೂದಲಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಅಭ್ಯಾಸ ಮನೆಗೂ ಬಂತು. ಸಾರು ಹೇಗಿದೆ ಎಂದು ಹೆಂಡತಿ ಕೇಳಿದರೆ “ಉಪ್ಪು ಸ್ವಲ್ಪ ಮುಂದು, ಹುಳಿ ಸರಿಯಾಗಿದೆ” ಎಂದು ವರದಿ ಒಪ್ಪಿಸುತ್ತಿದ್ದೆ. ಈಗ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ.

ಮೇಡಂ ಜೊತೆ ಕೆಲಸ ಮಾಡುವುದೆಂದರೆ ಸುಲಭವಲ್ಲ. ಎಲ್ಲದಕ್ಕೂ ಕಾಯಬೇಕು. “ಬನ್ನಿ ಡಾಕ್ಟ್ರೇ, ಸಿದ್ಧವಾಗಿರಿ” ಎಂದು ಕರೆಸುತ್ತಿದ್ದರು. ನಾನು ಮದ್ದು ತುಂಬಿ ಇಟ್ಟುಕೊಂಡು ಕೂತರೆ ಅವರು ಬಸುರಿಯ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದರು. ಬಹಳ ಸಲ ಕತ್ತಿ ಮುಟ್ಟದೆಯೇ ಹೆರಿಗೆಯಾಗುತ್ತಿತ್ತು, ನನ್ನ ರೈಲು ಹೋಗಿರುತ್ತಿತ್ತು. ಹೊಟ್ಟೆ ಮುಟ್ಟುವ ಮುಂಚೆ ಎರಡೂ ಅಂಗೈ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು ಅವರ ಪದ್ಧತಿ. ತಣ್ಣನೆ ಕೈ ತಗುಲಿದರೆ ಹೊಟ್ಟೆ ಬಿಗಿದುಕೊಳ್ಳುತ್ತದೆ, ಒಳಗೆ ಮಗು ಹೇಗಿದೆಯೆಂದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರ ಎದುರಿಗೇ, ತಣ್ಣಗಿನ ಕೈ ಇಟ್ಟಳೆಂದು ಶಬಾನಾ ಎಂಬ ಜಾಣ ಹುಡುಗಿಯನ್ನು ಫೇಲು ಮಾಡಿಬಿಟ್ಟರು. ಮದ್ದೂರಿನ ಮೆಕಾನಿಕ್ಕೊಬ್ಬರ ಮಗಳು. ಅತ್ತಳು. “ಅಳು, ಆದ್ರೆ ಕೈ ಉಜ್ಜಿಕೊಂಡು ಅಳು” ಅಂದರು.

ಇಂಥವರ ಹೆಸರು ಹಬ್ಬಿದ್ದು ಮಾತ್ರ ಬೇರೆ ರೀತಿ. ಅವರು ಓದಿದ್ದು, ಬರೆದದ್ದು, ದೇಶದ ಮೂಲೆಮೂಲೆಗೆ ಹೋಗಿ ಪಾಠ ಹೇಳಿದ್ದು ನಮ್ಮ ಜನಕ್ಕೆ ಬೇಕಿರಲಿಲ್ಲ. ‘ನಿಂಗವ್ವನ ಕೈಗುಣ ಚೆನ್ನಾಗದೆ’, ಅಷ್ಟೇ. ಬೇರೆ ಡಾಕ್ಟರು ಎಲ್ಲ ಮಾಡಿ ಮುಗಿಸಿದ ಮೇಲೂ “ಒಂದ್ಸಲ ನಿಂಗವ್ವ ಮುಟ್ಬುಡ್ಲಿ” ಎಂದು ಬಾಗಿಲಲ್ಲಿ ಕೂರುತ್ತಿದ್ದರು. ಮೇಡಂ ಬಂದು ಮುಟ್ಟಿ ಹೋಗುತ್ತಿದ್ದರು. ಆಗ ಅವರಿಗದು ಕಿರಿಕಿರಿ ಅನ್ನಿಸುತ್ತಿರಲಿಲ್ಲ. ಸ್ವಲ್ಪ ಖುಷಿಯೇ ಇತ್ತು. ನಾನು ತಲೆಯ ಕಡೆ ಕೂತವನು, ಮುಖ ಕಾಣುತ್ತಿತ್ತು.

ಆಮೇಲೆ ಮಹಾದೇವಿ ಬಂದಳು.

ಮಳವಳ್ಳಿಯಿಂದಾಚೆ ಒಂದು ಊರಿನವಳು. ತುಂಬು ಬಸುರಿ. ಮಧ್ಯಾಹ್ನ ಬಾಡಿಗೆ ವ್ಯಾನಿನಲ್ಲಿ ಕರೆತಂದರು. ಮಗು ಹುಟ್ಟುವ ಮೊದಲೇ ಮಾಸು ಗರ್ಭಕೋಶದಿಂದ ಕಳಚಿಕೊಂಡು ಒಳಗೂ ಹೊರಗೂ ರಕ್ತ ಸುರಿಯುತ್ತಿತ್ತು. ಅವಳ ಅತ್ತೆ ಹಿಂದೆಯೇ ಬಂದಳು, ಸೆರಗೆಲ್ಲ ರಕ್ತ. ದಾರಿಯಲ್ಲಿ ಎಲ್ಲೂ ತೋರಿಸಲಿಲ್ಲವೇ ಎಂದು ನಾನು ಕೇಳಿದೆ. ಮುದುಕಿ ಹೆಮ್ಮೆಯಿಂದಲೇ ಹೇಳಿದಳು: “ಮಳವಳ್ಳಿ ಆಸ್ಪತ್ರೇಲಿ ಡಾಕ್ಟ್ರು ಗೇಟ್‌ಗಂಟ ಬಂದು ಇಳುಸ್ಕತೀನಿ ಅಂದ್ರು ಸಾ. ಮದ್ದೂರಲ್ಲೂ ನಿಲ್ಸು ಅಂದ ಡ್ರೈವರು. ನಾನು ಒಪ್ನಿಲ್ಲ. ನಿಂಗವ್ವನ ಕೈಗೇ ಒಪ್ಪುಸ್ಬೇಕು ಅಂತ ಇಡ್ಕಬಂದೆ.”

ಮಳವಳ್ಳಿಯಲ್ಲಿ ಇಳಿಸಿದ್ದರೆ ಉಳಿಯುತ್ತಿದ್ದಳೋ ಏನೋ, ನಾನು ಪ್ರಮಾಣ ಮಾಡಲಾರೆ. ಮದ್ದೂರಿನಲ್ಲಿ ಇಳಿಸಿದ್ದರೆ ಉಳಿಯುತ್ತಿದ್ದಳೆಂದು ಮಾತ್ರ ನಂಬಿದ್ದೇನೆ. ಅಲ್ಲಿ ಆಪರೇಷನ್ನಿಗೆ ಎಲ್ಲ ಇತ್ತು. ನಮ್ಮ ಮೇಜಿನ ಮೇಲೆ ಮಲಗಿಸಿದಾಗ ನಾಡಿ ನನ್ನ ಬೆರಳಿಗೆ ದಾರದ ಹಾಗೆ ಸಿಕ್ಕಿತು. ರಕ್ತದ ಬಾಟಲು ಏರಿಸುತ್ತಿದ್ದಂತೆಯೇ ಸಿಗದೆ ಹೋಯಿತು. ನಾವು ಮಾಡಬೇಕಾದ್ದನ್ನೆಲ್ಲ ಮಾಡಿದೆವು. “ಮೇಡಂ, ಇಲ್ಲ” ಎಂದು ಹೇಳಿದವನು ನಾನೇ. ಮಗುವೂ ಉಳಿಯಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಸರಿಯಾಗಿ ಹೇಳಬೇಕು. ಮೇಡಂ ಹೊರಗೆ ಬಂದು ಮುದುಕಿಗೆ ವಿಷಯ ಹೇಳಿದರು. ಮುದುಕಿ ಅಳಲಿಲ್ಲ, ಬೈಯಲಿಲ್ಲ. ಒಳಗೆ ಬಂದು, ಮೇಡಂ ಎರಡು ಕೈಯನ್ನೂ ಹಿಡಿದು ಎಳೆದು, ಸೊಸೆಯ ಹೊಟ್ಟೆಯ ಮೇಲೆ ಇಟ್ಟಳು. ಒತ್ತಿ ಹಿಡಿದಳು. “ಕೊನೆಗೂ ನಿನ್ ಕೈ ಬಿತ್ತಲ್ಲವ್ವ. ಅಷ್ಟೇ ಸಾಕು. ಅವುಳ್ ಋಣ ಇಷ್ಟೇ ಇತ್ತು” ಅಂದಳು. ಮೇಡಂ ಕೈ ಎಳೆದುಕೊಳ್ಳಲಿಲ್ಲ. ಮುದುಕಿ ತಾನಾಗಿ ಬಿಡುವವರೆಗೆ ಹಾಗೇ ನಿಂತಿದ್ದರು. ಬೈದಿದ್ದರೆ ನಾವಿಬ್ಬರೂ ತಡೆದುಕೊಳ್ಳುತ್ತಿದ್ದೆವು. ಆ ಕೃತಜ್ಞತೆಯನ್ನು ಎಲ್ಲಿ ಇಟ್ಟುಕೊಳ್ಳುವುದು? ಇವತ್ತಿಗೂ ನನಗೆ ಜಾಗ ಸಿಕ್ಕಿಲ್ಲ.

ಮುಂದಿನ ವಾರದಿಂದ ಮೇಡಂ ಹೊಸ ಹುಚ್ಚು ಹಿಡಿಸಿಕೊಂಡರು. ವಾರಕ್ಕೊಂದು ದಿನ ಮಳವಳ್ಳಿ, ಒಂದು ದಿನ ಮದ್ದೂರು. ಜೊತೆಗೆ ನಾನು. ಬಸ್ಸಿನಲ್ಲಿ ಮುದ್ದೆಯಾಗಿ ಇಳಿದು ಹೋದರೆ ಈ ದೊಡ್ಡ ಪ್ರೊಫೆಸರು ಮಾಡುತ್ತಿದ್ದದ್ದೇನು? ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದು! ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರು ನೋಡಬೇಕು, ಇವರು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಬೇಕು. ಬಸುರಿಯರ ಅತ್ತೆಯರು, ಅವ್ವಂದಿರು ಸುಮ್ಮನಿರುತ್ತಾರೆಯೇ?

“ಒಸಿ ಮುಟ್ಟು ನಿಂಗವ್ವ. ಮುಟ್ಟಕ್ಕೇನ್ ದೊಡ್‌ರೋಗ ನಿಂಗೆ?”

“ನನ್ ಕೈಗುಣ ಒಂಟೋಯ್ತು ಕಣವ್ವ.”

“ಅಂಗಂದ್ರೆ?”

“ಅಂಗಂದ್ರೆ ಓಯ್ತು. ನಾನ್ ಮುಟ್ಟುದ್ರೆ ಇನ್ ಕೆಡ್ತದೆ. ಈಗ ಈ ಡಾಕ್ಟ್ರು ಕೈಗ್ ಬಂದದೆ ನೋಡು, ಇವ್ರುತಾವ್ ತೋರುಸ್ಕೊ.”

ನನಗೆ ಮೈಯೆಲ್ಲ ಉರಿಯಿತು. ಕೈಗುಣ ಎಂಬುದೇ ಇಲ್ಲ ಎಂದು ತಿಳಿಸಿ ಹೇಳುವುದು ಬಿಟ್ಟು, ಇದ್ದದ್ದು ಹೋಯಿತು ಎನ್ನುವುದೇ! ವಾಪಸು ಬರುವ ಬಸ್ಸಿನಲ್ಲಿ ಜಗಳ ಮಾಡಿದೆ. “ಮೇಡಂ, ವಿಜ್ಞಾನ ಓದಿದವರು ನೀವು. ಇದು ಶುದ್ಧ ಸುಳ್ಳು.”

“ನೀವು ವಿಜ್ಞಾನ ಹೇಳ್ತಾ ಕೂತ್ಕೊಳ್ಳಿ ಡಾಕ್ಟ್ರೇ. ಅಷ್ಟರಲ್ಲಿ ಇನ್ನೊಬ್ಬಳು ಮಳವಳ್ಳಿ ದಾಟಿ ಬರ್ತಾಳೆ.”

ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನು ಸಾಕ್ಷಿಗೆ ಎಳೆಯುತ್ತಿದ್ದರು. “ಬೇಕಾರೆ ಇವ್ರುನ್ ಕೇಳವ್ವ, ಇವ್ರು ಜೊತೇಲೇ ಇದ್ರು” ಎನ್ನುತ್ತಿದ್ದರು. ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕಾಣದ್ದನ್ನು ಕಂಡೆ ಎನ್ನಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ. “ಒಂದು ಸುಳ್ಳು ಹೇಳೋಕೆ ಬರಲ್ವಲ್ಲ ನಿಮಗೆ, ಥೂ!” ಎಂದು ಅವರು ಸಿಡುಕುತ್ತಿದ್ದರು.

ಆದರೂ ಮಾತು ಹಬ್ಬಿತು. ನಮ್ಮ ಕಡೆ ಕೆಟ್ಟ ಮಾತಿಗೆ ಬಸ್ಸು ಬೇಡ. ನಿಂಗವ್ವನ ಕೈ ಕೆಟ್ಟಿತು, ಯಾರದೋ ಕಣ್ಣು ಬಿತ್ತು, ಸತ್ತವಳ ಹೊಟ್ಟೆ ಮುಟ್ಟಿದಳಂತೆ, ಒಂದಕ್ಕೆ ಹತ್ತು. ಮಂಡ್ಯದಲ್ಲಿ ಅವರ ಕೋಣೆಯ ಮುಂದಿನ ಬೆಂಚುಗಳು ಖಾಲಿಯಾದವು. ಜೊತೆಯ ಪ್ರೊಫೆಸರುಗಳು ಮರೆಯಲ್ಲಿ ನಕ್ಕರು. ದೊಡ್ಡ ಹುದ್ದೆಗೆ ಅವರ ಹೆಸರು ಬಂದಾಗ ‘ಈಗ ಮೊದಲಿನ ಹಾಗಿಲ್ಲ’ ಎಂದು ಯಾರೋ ಅಂದರಂತೆ, ಬೇರೆಯವರಿಗೆ ಹೋಯಿತು. ಮಳವಳ್ಳಿಯ ಹೆಂಗಸರು ಮಳವಳ್ಳಿಯಲ್ಲಿ ಇಳಿಯತೊಡಗಿದರು. ಎರಡನೆಯ ಸಲಕ್ಕೆ ಪಾಸಾಗಿ ಮದ್ದೂರಿಗೆ ಬಂದ ಶಬಾನಾಳ ಬಾಗಿಲಲ್ಲಿ ಸಾಲು ಬೆಳೆಯಿತು. ಇದನ್ನೆಲ್ಲ ನಾನು ಕಣ್ಣಾರೆ ಕಂಡೆ, ಬಾಯಿ ಮುಚ್ಚಿಕೊಂಡು.

ಈಗ ಹೇಳಿ, ಫ್ಲೆಕ್ಸು ನೋಡಿದರೆ ತಲೆ ಕೆಡುವುದಿಲ್ಲವೇ?

ಆರಿದ ಕಾಫಿಯನ್ನು ಹಾಗೇ ಬಿಟ್ಟು ಮದ್ದೂರಿನ ಪಕ್ಕದ ವೈದ್ಯನಾಥಪುರಕ್ಕೆ ಕಾರು ತೆಗೆದೆ. ನಿವೃತ್ತಿಯಾದ ಮೇಲೆ ಮೇಡಂ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ವೈದ್ಯನಾಥೇಶ್ವರನ ಊರಿಗೆ ತಕ್ಕ ವೈದ್ಯರು ಎಂದು ಯಾರಾದರೂ ಹೊಗಳಿದರೆ “ನಾನು ಬಂದಿದ್ದು ಹೊಳೆ ಗಾಳಿಗೆ” ಎಂದು ಬಾಯಿ ಮುಚ್ಚಿಸುತ್ತಾರೆ. ಫೋನನ್ನು ದೂರ ಹಿಡಿದು ಚಿತ್ರ ನೋಡಿದರು.

“ಇದ್ಯಾರ ಕೈ? ನೇಲ್ ಪಾಲಿಶ್ ಬೇರೆ.” ಫೋನನ್ನು ನನಗೆ ಹಿಂದಿರುಗಿಸಿದರು. “ಎಷ್ಟು ವರ್ಷ ಕಷ್ಟಪಟ್ಟು ಕೆಡಿಸಿಕೊಂಡಿದ್ದೆ ಡಾಕ್ಟ್ರೇ. ಒಂದೇ ಫ್ಲೆಕ್ಸಲ್ಲಿ ರಿಪೇರಿ ಮಾಡಿಬಿಟ್ಟರಲ್ಲ.”

ಮಾತು ಮುಗಿದಿರಲಿಲ್ಲ, ಆಟೋ ಒಂದು ಬಾಗಿಲಿಗೆ ಬಂತು. ಒಬ್ಬ ಮುದುಕಿ, ಹಿಂದೆ ತುಂಬು ಬಸುರಿ ಸೊಸೆ. ಆಟೋದವನು ಇಳಿಸಿದವನೇ ಹೊರಟುಹೋದ.

“ಯಾವೂರವ್ವ?”

“ಹೊಳಲು ಕಣವ್ವ. ಮೊಬೈಲಲ್ಲಿ ನಿನ್ ಕೈ ಚಿತ್ರ ಬಂತಲ್ಲ, ನೋಡುದ್ ಮ್ಯಾಲೆ ನಿದ್ದೆ ಬರ್ನಿಲ್ಲ. ಇವ್ಳುಗೆ ಒಂದ್ಸಲ ಮುಟ್ಬುಡು.”

ಹೊಳಲು! ಮಂಡ್ಯದ ಮಗ್ಗುಲಲ್ಲೇ ಇರುವ ಊರು. ಮಂಡ್ಯ ದಾಟಿ, ಮದ್ದೂರು ದಾಟಿ ಬಂದಿದ್ದಾರೆ. ಮೇಡಂ ಕೈಗಳು ಆಗಲೇ ಬೆನ್ನ ಹಿಂದೆ ಹೋಗಿದ್ದವು. ಹುಡುಗಿಯ ಮುಖವನ್ನು ದಿಟ್ಟಿಸಿದರು. ಮುಖ ಊದಿತ್ತು, ಪಾದವೂ. “ತಲೆನೋವು ಅದೇನವ್ವ?” ಅಂದರು. “ಎರಡು ದಿನದಿಂದ. ಕಣ್ ಮುಂದೆ ಮಿಣಮಿಣ ಅಂತದೆ” ಅಂದಳು ಹುಡುಗಿ. ನಾನು ಮಣಿಕಟ್ಟು ಹಿಡಿದೆ. ನಾಡಿ ಬೆರಳನ್ನು ಒದೆಯುತ್ತಿತ್ತು. ರಕ್ತದೊತ್ತಡ ಏರಿದೆ, ಇನ್ನು ಯಾವಾಗ ಬೇಕಾದರೂ ಫಿಟ್ಸ್ ಬರಬಹುದು. ಇಬ್ಬರಿಗೂ ತಿಳಿಯಿತು.

“ಮದ್ದೂರಿಗೆ ನಡಿ. ಶಬಾನಾ ಡಾಕ್ಟ್ರು ಅವ್ರೆ. ಈಗ್ಲೇ.”

“ನೀನ್ ಮುಟ್ಟುದ್ರೆ ಓಯ್ತೀವಿ.”

ನಾನು ತಡೆಯಲಾರದೆ “ಮೇಡಂ, ಒಂದು ಸಲ ಮುಟ್ಟಿ ಮುಗಿಸಿಬಿಡಿ, ಹೊತ್ತು ಹೋಗ್ತಿದೆ” ಅಂದೆ.

“ಮುಟ್ಟಿದರೆ ಇವರು ಇಲ್ಲಿಂದ ಹೋಗೋದು ಮನೆಗೆ ಡಾಕ್ಟ್ರೇ, ಆಸ್ಪತ್ರೆಗಲ್ಲ.” ಮುದುಕಿಯ ಕಡೆ ತಿರುಗಿದರು. “ನನ್ ಕೈಗುಣ ಯಾವತ್ತೋ ಒಂಟೋಯ್ತು ಕಣವ್ವ. ಚಿತ್ರದ್ ಕೈ ನಂದಲ್ಲ. ಬೇಕಾರೆ ಈ ಮತ್ತು ಕೊಡೋ ಡಾಕ್ಟ್ರುನ್ ಕೇಳು, ಇವ್ರು ಜೊತೇಲೇ ಇದ್ರು. ಎದ್ದೇಳು.”

ಮುದುಕಿಗೆ ಸಿಟ್ಟು ಬಂತು. “ಬಡವ್ರು ಅಂತ ಅಂಗಂತೀಯ. ಬುಡು, ನಮ್ ದಾರಿ ನಾವ್ ನೋಡ್ಕತೀವಿ” ಎಂದು ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು. ನಾನು ಕಾರಿನ ಬಾಗಿಲು ತೆಗೆದೆ. “ಬಸ್‌ಸ್ಟ್ಯಾಂಡ್ ಗಂಟ ಬುಡಿ ಸಾ, ಊರ್ಗೆ ಓಯ್ತೀವಿ” ಎಂದು ಹತ್ತಿದಳು. ಶಬಾನಾಳಿಗೆ ಫೋನು ಮಾಡಲು ಮೇಡಂ ಒಳಗೆ ಓಡಿದರು. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿದೆ.

ದಾರಿಯಲ್ಲಿ ಹುಡುಗಿ ಕಣ್ಣು ಮುಚ್ಚಿ ಸೀಟಿಗೆ ಒರಗಿದ್ದಳು. ಬಸ್‌ಸ್ಟ್ಯಾಂಡಿಗೋ ಆಸ್ಪತ್ರೆಗೋ, ಇನ್ನು ಒಂದು ತಿರುವಿನಲ್ಲಿ ತೀರ್ಮಾನವಾಗಬೇಕು. ಬಲವಂತದಿಂದ ಇಳಿಸಬಹುದು, ಆದರೆ ಒಪ್ಪದ ಅತ್ತೆ ಒಳಗಿನಿಂದಲೂ ಎಬ್ಬಿಸಿಕೊಂಡು ಹೋಗುತ್ತಾಳೆ, ಅದನ್ನೂ ಕಂಡಿದ್ದೇನೆ. ಮುದುಕಿ ಹಿಂದಿನಿಂದ ಮುಂದಕ್ಕೆ ಬಾಗಿದಳು.

“ಸಾ, ನೀವು ಮತ್ತು ಕೊಡೋ ಡಾಕ್ಟ್ರಂತಲ್ಲ. ಆವಮ್ಮನ್ ಜೊತೇಲೇ ಇದ್ರಂತೆ. ದಿಟ ಯೋಳಿ. ನಿಂಗವ್ವನ್ ಕೈಗುಣ ನಿಜ್ವಾಗ್ಲೂ ಒಂಟೋಯ್ತಾ? ನೀವ್ ನೋಡುದ್ರಾ?”

ನೋಡಲು ಗೋಡೆಯ ಗಡಿಯಾರವಿರಲಿಲ್ಲ. ಎದುರಿಗೆ ರಸ್ತೆಯಿತ್ತು. ಒಂದು ಮಧ್ಯಾಹ್ನ, ಮಹಾದೇವಿಯ ಅತ್ತೆ ಒತ್ತಿ ಹಿಡಿದಿದ್ದ ಎರಡು ಗಿಡ್ಡ ಬೆರಳಿನ ಕೈಗಳು ನೆನಪಾದವು.

“ನೋಡಿದೀನಿ ಕಣವ್ವ” ಅಂದೆ. “ನನ್ನ ಕಣ್ಣೆದುರಿಗೇ ಹೋಯ್ತು.”

ಮುದುಕಿ ಸೊಸೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

“ಅಂಗಾರೆ ಆಸ್ಪತ್ರೆ ತಾವೇ ನಿಲ್ಸಿ ಸಾ.”

ನಿಲ್ಲಿಸಿದೆ. ಬಾಗಿಲಲ್ಲಿ ಶಬಾನಾ ಆಗಲೇ ಬಂದು ನಿಂತಿದ್ದಳು, ಎರಡೂ ಅಂಗೈ ಉಜ್ಜಿಕೊಳ್ಳುತ್ತ.