ಬೇವಿನಮರದ ಮನೆಯ ಕೂಗು

ನಾನು ಹುಟ್ಟಿ ಬೆಳೆದದ್ದು ಕೃಷ್ಣಾ ನದಿಯ ಒಂದು ಪುಟ್ಟ ನಡುಗಡ್ಡೆಯಲ್ಲಿ. ಪೇಟೆಗೆ ಹೋದವರು ಸಂಜೆ ಆಚೆ ದಡದಲ್ಲಿ ನಿಂತು ಕೂಗಿದರೇನೇ ಹರಿಗೋಲು ಬರೋದು. ಒಂದೊಂದು ಮನೆಗೆ ಒಂದೊಂದು ಕೂಗು. ನಮ್ಮದು ಉದ್ದಕ್ಕೆ ಎಳೆದು, ಕೊನೆಯಲ್ಲಿ ಎರಡು ಸಲ ತುಂಡು ಮಾಡೋದು.

ತೊಂಬತ್ತರ ದಶಕದ ಒಂದು ಸಂಜೆ, ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಬಸ್ಸು ಕಣ್ಣೆದುರೇ ಹೊರಟುಬಿಡ್ತು. ನನಗೇನಾಯ್ತೋ, ಬಾಯಿಗೆ ಕೈ ಅಡ್ಡ ಹಿಡಿದು ಆ ಕೂಗು ಹಾಕಿಬಿಟ್ಟೆ. ಇಡೀ ಸ್ಟ್ಯಾಂಡು ತಿರುಗಿ ನೋಡ್ತು, ಬಸ್ಸು ಮಾತ್ರ ನಿಲ್ಲಲಿಲ್ಲ.

"ಏನ್ ಗುರು, ಮಾನ ಕಳೆದ್ಬಿಟ್ಟಲ್ಲ" ಅಂದ ಜೊತೆಗಿದ್ದ ಆಫೀಸಿನ ಗೆಳೆಯ.

ಅಷ್ಟರಲ್ಲಿ ಗುಂಪಿನ ಆಚೆಯಿಂದ ಒಂದು ಹೆಣ್ಣುದನಿ: "ಓ... ಬಂದ್ನೀ!"

ನಮ್ಮೂರ ಅಂಬಿಗರು ಕೊಡುತ್ತಿದ್ದ ಉತ್ತರ ಅದು. ತರಕಾರಿ ಚೀಲ ಹಿಡಿದ ವಯಸ್ಸಾದ ಹೆಂಗಸೊಬ್ಬರು ಜನರನ್ನು ಸರಿಸಿಕೊಂಡು ಬಂದರು.

"ಬೇವಿನಮರದ ಮನಿಯವ್ರಲ್ಲೇನ್ರಿ ನೀವು?"

ನಾನು ಹೆಸರೂ ಹೇಳಿರಲಿಲ್ಲ, ಊರೂ ಹೇಳಿರಲಿಲ್ಲ!

"ನಾನು ಅಂಬಿಗರ ಮಗಳು. ಅಪ್ಪಗ ಜ್ವರ ಬಂದ್ರ ಹುಟ್ಟು ಹಾಕ್ತಿದ್ದಾಕಿ ನಾನೇ. ಹೊಳಿ ತುಂಬಿದಾಗ್ಲೂ, ಕೂಗಿದವ್ರನ್ನ ಒಬ್ರನ್ನೂ ಆ ದಂಡ್ಯಾಗ ಬಿಟ್ಟಿಲ್ರಿ" ಅಂದರು. ಈಗ ಬಾಣಸವಾಡಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ.

ನಾನು ಎದೆ ಉಬ್ಬಿಸಿ ಗೆಳೆಯನ ಕಡೆ ನೋಡಿದೆ.

ಊರಿನ ಮಾತಲ್ಲಿ ಇನ್ನೂ ಎರಡು ಬಸ್ಸು ಹೋದವು. ಗೆಳೆಯ ಸಿಡಿಮಿಡಿಗುಟ್ಟಿದ. ಅವನಿಗೇನು ಗೊತ್ತು? ನಮ್ಮೂರಲ್ಲೂ "ಬಂದ್ನೀ" ಅಂದ ಮೇಲೆ ಹರಿಗೋಲು ಬರೋಕೆ ಒಂದು ತಾಸು ಹಿಡೀತಿತ್ತು.