ಐದು ಚೀಲ, ಇಪ್ಪತ್ತು ಚೀಲ

ಹೋದ ವಾರ ಶಹಾಪುರದ ಸಂತೆಯಲ್ಲಿ ವೀಳ್ಯದೆಲೆ ಮಾರುವವಳು ಬುಟ್ಟಿಯ ಮೇಲಿನ ಗೋಣಿತಟ್ಟಿಗೆ ನೀರು ಚಿಮುಕಿಸಿದಳು. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಎಲೆ ಕೊಳ್ಳಲು ಬಾಗಿದವನು ಹಾಗೇ ನಿಂತುಬಿಟ್ಟೆ. "ಯಾಕ್ರೀ ಯಜಮಾನ್ರ, ಎಲಿ ಬೇಕೋ, ಬರೇ ನೆಳ್ಳು ಬೇಕೋ?" ಎಂದು ಅವಳು ಕೇಳಿದ ಮೇಲೆ ಅಲ್ಲಿಂದ ಸರಿದೆ. ಆ ವಾಸನೆ ನಮ್ಮ ಪಕ್ಕದ ಮನೆಯ ದೊಡ್ಡವ್ವನದು.

ಅವಳು ನಮಗೆ ಸಂಬಂಧಿಯೇನಲ್ಲ. ಊರೆಲ್ಲ ದೊಡ್ಡವ್ವ ಅನ್ನುತ್ತಿತ್ತು, ನಾನೂ ಅನ್ನುತ್ತಿದ್ದೆ. ಶಿರವಾಳದ ಆಚೆಗಿನ ನಮ್ಮ ಹಳ್ಳಿಯಲ್ಲಿ ಬಿತ್ತುವ ಮುಂಚೆ ಯಾರ ಬೀಜವೇ ಆಗಲಿ, ಮೊದಲು ಅವಳ ಕೈಗೆ ಹೋಗಬೇಕಿತ್ತು. ಅವಳು ನೂರು ಕಾಳು ಎಣಿಸಿ, ಒದ್ದೆ ಗೋಣಿಯಲ್ಲಿ ಹರವಿ, ಸುರುಳಿ ಸುತ್ತಿ, ಅಡುಗೆಮನೆಯ ಬೆಚ್ಚನೆಯ ಮೂಲೆಯಲ್ಲಿ ಇಡುತ್ತಿದ್ದಳು. ಐದನೆಯ ದಿನ ಬಿಚ್ಚಿ, ಮೊಳೆತವೆಷ್ಟು ಎಂದು ಎಣಿಸಿ ಹೇಳುತ್ತಿದ್ದಳು. ಓದು ಬರುತ್ತಿರಲಿಲ್ಲ. ಐದೈದು ಕಾಳಿಗೆ ಒಂದು 'ಕೈ'. ಇಪ್ಪತ್ತು ಕೈ ಆದರೆ ನೂರು. ನೂರಕ್ಕೆ ಎಪ್ಪತ್ತು ಮೊಳೆತರೆ ಮಾಮೂಲಿ ಅಳತೆಯಲ್ಲಿ ಬಿತ್ತುವುದು, ಅದಕ್ಕಿಂತ ಕಡಿಮೆಯಾದರೆ ಕಾಳು ದಟ್ಟ ಮಾಡಿ ಬಿತ್ತುವುದು... ಇದು ನಮ್ಮೂರ ಪದ್ಧತಿ. ಅವಳು ಹೇಳಿದ ಮಾತಿನ ಮೇಲೆ ಯಾರೂ ಎರಡನೆಯ ಮಾತು ಆಡುತ್ತಿರಲಿಲ್ಲ.

ನಾನು ಆಗ ಎಸ್ಸೆಸ್ಸೆಲ್ಸಿ ಪಾಸಾಗಿ ಐದಾರು ವರ್ಷ ಆಗಿತ್ತು. ಊರಲ್ಲಿ ಅಷ್ಟು ಓದಿದವರು ಮೂರೋ ನಾಲ್ಕೋ ಮಂದಿ. ಚಾವಡಿಯ ಪಕ್ಕದ ಬೀಜದ ಕೋಣೆಯ ಪುಸ್ತಕ ಬರೆಯುವ ಕೆಲಸ ನನ್ನದಾಗಿತ್ತು. ಊರವರು ಕೂಡಿ ಇಟ್ಟ ಬೀಜ ಅದು, ಬಿತ್ತುವ ಕಾಲಕ್ಕೆ ಎಲ್ಲರೂ ಹಂಚಿಕೊಳ್ಳುತ್ತಿದ್ದರು. ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಆ ಪೆನ್ನಿನ ಸೊಕ್ಕು ಎಷ್ಟಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ವರ್ಷ ಕೋಣೆಯಲ್ಲಿ ಶೇಂಗಾ ಇಪ್ಪತ್ತೈದು ಚೀಲ ಇತ್ತು. ಐದು ಚೀಲ ಹೊಸದು. ಇಪ್ಪತ್ತು ಚೀಲ ಹಳೆಯದು, ಗೋಡೆಯ ತೇವ ತಾಗಿದ್ದು. ದೊಡ್ಡವ್ವ ಎರಡನ್ನೂ ಬೇರೆ ಬೇರೆ ಕಟ್ಟಿ ನೋಡಿದಳು. ಹೊಸದು ನೂರಕ್ಕೆ ತೊಂಬತ್ತು ಮೊಳೆತಿತ್ತು, ಹಳೆಯದು ಐವತ್ತು. ಹಳೆಯದು ಯಾರ ಪಾಲಿಗೆ ಬಂದರೂ ಜಗಳ ತಪ್ಪದು. ಹಾಗಾಗಿ ಎಲ್ಲ ಚೀಲವನ್ನೂ ನೆಲಕ್ಕೆ ಸುರಿದು, ಕಲಸಿ, ಒಂದೇ ರಾಶಿ ಮಾಡಿ ಹಂಚುವುದೆಂದು ಹಿರಿಯರು ನಿಶ್ಚಯ ಮಾಡಿದರು.

"ಕಲಸಿದ ಮ್ಯಾಲೆ ಇನ್ನೊಮ್ಮಿ ಕಟ್ಟಿ ನೋಡಬೇಕ್ರಪಾ," ಎಂದಳು ದೊಡ್ಡವ್ವ. ಅದಕ್ಕೆ ಮತ್ತೆ ಐದು ದಿನ ಬೇಕು. ಕಾಲುವೆಗೆ ನೀರು ಬಿಟ್ಟಾಗಿತ್ತು, ಎಲ್ಲರಿಗೂ ಅವಸರ. ನಾನು ಪೆನ್ನು ತೆಗೆದೆ.

"ಕಟ್ಟೋದೇನ್ ಬ್ಯಾಡ. ತೊಂಬತ್ತು, ಐವತ್ತು, ಕೂಡಿಸಿದ್ರ ನೂರಾ ನಲವತ್ತು. ಅರ್ಧ ಮಾಡಿದ್ರ ಎಪ್ಪತ್ತು. ಸರಾಸರಿ ಎಪ್ಪತ್ತು ಬಂತು, ಬರೋಬರ್ ಅದ."

ದೊಡ್ಡವ್ವ ನನ್ನನ್ನೇ ನೋಡಿದಳು. "ಐದ್ ಚೀಲಕ್ಕೂ ಇಪ್ಪತ್ ಚೀಲಕ್ಕೂ ಒಂದೇ ತೂಕ ಹಾಕಿದಿ ಏನ್ ತಮ್ಮಾ? ಒಂದ್ ತಂಬಿಗಿ ಹಾಲಿಗಿ ನಾಕ್ ತಂಬಿಗಿ ನೀರ್ ಸುರುವಿ, ಅರ್ಧ ಹಾಲ್ ಅದ ಅಂದ್ರ ಯಾರ್ ಕುಡೀತಾರ?"

ಚಾವಡಿಯ ಕಟ್ಟೆಯಲ್ಲಿದ್ದವರು ನಕ್ಕರು. ಅವರು ನಕ್ಕದ್ದು ನನ್ನನ್ನು ನೋಡಿಯೋ ಅವಳನ್ನು ನೋಡಿಯೋ, ಆ ಗಳಿಗೆಯಲ್ಲಿ ತಿಳಿಯಲಿಲ್ಲ. "ದೊಡ್ಡವ್ವಾ, ನೀ ಹಾಲ್ ಕಾಸು ಹೋಗು. ಹಿಸಾಬ ನಾ ನೋಡ್ತೀನಿ," ಎಂದೆ. ಈ ಸಲ ನಗೆ ಅವಳ ಕಡೆಗೇ ತಿರುಗಿತು. "ಸಾಲಿ ಕಲ್ತವಗ ಲೆಕ್ಕ ಕಲಿಸಾಕ ಹೊಂಟಾಳ ನೋಡು ಮುದುಕಿ!" ಎಂದ ಒಬ್ಬ. ಅವಳು ಸೆರಗು ಕೊಡವಿಕೊಂಡು ಎದ್ದು ಹೋದಳು.

ಅವತ್ತು ಸಂಜೆ ಮನೆಯಲ್ಲಿ ಕೂತು ಲೆಕ್ಕ ಹಾಕಿದೆ. ಅವಳ ಮಾತು ಒಳಗೇ ಚುಚ್ಚುತ್ತಿತ್ತು. ಒಂದೊಂದು ಚೀಲದಿಂದ ನೂರು ಕಾಳು ತೆಗೆದೆ ಅಂದುಕೊಂಡೆ. ಐದು ಹೊಸ ಚೀಲದಲ್ಲಿ ನಾನೂರೈವತ್ತು ಮೊಳೆಯುತ್ತವೆ. ಇಪ್ಪತ್ತು ಹಳೆಯ ಚೀಲದಲ್ಲಿ ಒಂದು ಸಾವಿರ. ಕೂಡಿಸಿ ಇಪ್ಪತ್ತೈದರಿಂದ ಭಾಗಿಸಿದರೆ ಐವತ್ತೆಂಟು. ಎಪ್ಪತ್ತಲ್ಲ, ಐವತ್ತೆಂಟು. ಮೂರು ಸಲ ಮಾಡಿದೆ, ಮೂರು ಸಲವೂ ಐವತ್ತೆಂಟೇ.

ಹಂಚುವುದಕ್ಕೆ ಇನ್ನೂ ಎರಡು ದಿನವಿತ್ತು. ಚಾವಡಿಗೆ ಹೋಗಿ, "ನಂದು ತಪ್ಪಾಗಿತ್ತು, ಕಾಳು ದಟ್ಟ ಮಾಡಿ ಬಿತ್ರಿ," ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಮೊದಲ ದಿನ ನಾಳೆ ಹೇಳಿದರಾಯಿತು ಎಂದುಕೊಂಡೆ. ಎರಡನೆಯ ದಿನ, ಇರಲಿ, ಭೂಮಿತಾಯಿ ನಡೆಸಿಕೊಡುತ್ತಾಳೆ ಎಂದುಕೊಂಡೆ. ಭೂಮಿತಾಯಿಗೆ ನನ್ನ ಸರಾಸರಿ ಎಲ್ಲಿ ಗೊತ್ತು...

ಹೊಲಗಳು ಹಲ್ಲು ಬಿದ್ದ ಬಾಯಿಯಂತೆ ಎದ್ದವು. ಯಾರೂ ಹಾಳಾಗಲಿಲ್ಲ, ಅದನ್ನು ಹೇಳಬೇಕು. ಕೆಲವರು ನಡುನಡುವೆ ತೊಗರಿ ಊರಿದರು, ಕೆಲವರು ಸುಮ್ಮನಾದರು. ಆದರೆ ಮಾತು ಹುಟ್ಟಿತು. ನನ್ನ ಪುಸ್ತಕದ ಮೇಲೆ ಯಾರಿಗೂ ಸಂಶಯ ಬರಲಿಲ್ಲ. "ಮುದುಕಿಗಿ ಕಣ್ಣ್ ಮಂದಾಗ್ಯಾವ, ಎಣಿಸೋದು ತಪ್ಪ್ಯಾಳ," ಎಂದರು. ನಾನು ಕೇಳಿಸಿಕೊಂಡು ಕೂತೆ.

ಇಷ್ಟೇ ಆಗಿದ್ದರೆ, ಹುಡುಗುವಯಸ್ಸಿನ ಹೇಡಿತನ ಎಂದು ನನ್ನನ್ನು ನಾನೇ ಕ್ಷಮಿಸಿಕೊಂಡಿರುತ್ತಿದ್ದೆನೋ ಏನೋ. ಮುಂದಿನದನ್ನು ಹೋದ ವಾರದವರೆಗೆ ಹೆಂಡತಿಯ ಮುಂದೆಯೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ದೊಡ್ಡವ್ವ ನಮ್ಮ ಅಂಗಳಕ್ಕೆ ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಶೇಂಗಾ ಕಾಳು. ನನ್ನ ಮುಂದೆ ಇಟ್ಟು ಕೂತಳು. ಮೊದಲಿನ ಗತ್ತು ಇರಲಿಲ್ಲ.

"ಊರ ಮಂದಿ ಹೇಳೋದು ಖರೇ ಅದನೋ ಏನೋ, ನನಗೂ ತಿಳೀವಲ್ದು. ಈಗ ಇಪ್ಪತ್ ಕೈ ಎಣಿಸೀನಿ. ನೀ ಒಮ್ಮಿ ಎಣಿಸಿ ಹೇಳು ತಮ್ಮಾ. ನೂರು ಅದಾವೇನು?"

ಎಣಿಸಿದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಒಂದೊಂದಾಗಿ ಈ ಕಡೆಯಿಂದ ಆ ಕಡೆಗೆ ಸರಿಸಿದೆ. ನೂರು ಇದ್ದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ತೊಂಬತ್ತಾರು ಅದಾವ ದೊಡ್ಡವ್ವಾ," ಎಂದೆ.

ಯಾಕೆ ಹಾಗಂದೆ? ನೂರು ಎಂದರೆ ಅವಳ ಕಣ್ಣು ಸರಿ ಎಂದಾಗುತ್ತದೆ. ಅವಳ ಕಣ್ಣು ಸರಿಯಾದರೆ ತಪ್ಪು ಮತ್ತೆಲ್ಲಿ ಎಂದು ಊರು ಹುಡುಕುತ್ತದೆ. ಇಷ್ಟೆಲ್ಲ ಆ ಗಳಿಗೆಯಲ್ಲಿ ಯೋಚಿಸಿದೆನೋ, ಇಲ್ಲ ನಾಲಿಗೆ ತಾನೇ ಹೊರಳಿತೋ... ನೆನಪಿಲ್ಲ. ಅವಳು "ಹೌದಾ?" ಎಂದಳು. ಕಾಳನ್ನು ಮೊರದ ನಡುವೆ ಒಟ್ಟುಮಾಡಿ, "ಆತು ಬಿಡು," ಎಂದು ಮೊರ ಎತ್ತಿಕೊಂಡು ಹೋದಳು. ಆಮೇಲೆ ಯಾರ ಬೀಜವನ್ನೂ ಅವಳು ಕಟ್ಟಲಿಲ್ಲ. ಮರುವರ್ಷ ಸುರಪುರದ ಕಡೆ ನನಗೊಂದು ಗುಮಾಸ್ತೆ ಕೆಲಸ ಸಿಕ್ಕಿ ಊರು ಬಿಟ್ಟೆ. ಅವಳು ತೀರಿಕೊಂಡ ಸುದ್ದಿ ಬಹಳ ವರ್ಷಗಳ ನಂತರ ಯಾದಗಿರಿಯ ಬಸ್‌ ನಿಲ್ದಾಣದಲ್ಲಿ ಯಾರೋ ಹೇಳಿದರು. ಅವತ್ತೇ ಮಣ್ಣು ಎಂದರೂ ನಾನು ಹೋಗಲಿಲ್ಲ.

ಸಂತೆಯಿಂದ ಬಂದ ಮರುದಿನ ಬಸ್ಸು ಹಿಡಿದು ಊರಿಗೆ ಹೋದೆ. ದೊಡ್ಡವ್ವನ ಮಗನೂ ಈಗಿಲ್ಲ. ಸೊಸೆ ಇದ್ದಾಳೆ, ಅವಳಿಗೂ ತಲೆ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು, "ಬರ್ರಿ ಅಣ್ಣಾರ, ಇತ್ಲಾಗ ದಾರಿ ತಪ್ಪಿ ಬಂದ್ರೇನು?" ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದಳು. ನಾನು ನೀರು ಕುಡಿಯುವ ಮುಂಚೆಯೇ ಹೇಳಿದೆ. ಐದು ಚೀಲ, ಇಪ್ಪತ್ತು ಚೀಲ, ಐವತ್ತೆಂಟು, ಕೊನೆಗೆ ಮೊರದಲ್ಲಿದ್ದ ನೂರು ಕಾಳು. ಎಲ್ಲವನ್ನೂ ಹೇಳಿದೆ.

ಅವಳು ಚಾಪೆಯ ಅಂಚಿಗೆ ಕೂತಳು.

"ಸಾಯೋತನಕ ಜ್ವಾಳ ಹಸನ ಮಾಡಿದ್ರೂ ನನ್ನ ಕರೀತಿದ್ದಳ್ರಿ ಅತ್ತಿ," ಎಂದಳು ಆಮೇಲೆ. "'ನನ್ ಕಣ್ಣಿನ ಮ್ಯಾಲೆ ಭರೋಸಾ ಇಲ್ಲವ್ವಾ, ನೀ ಒಮ್ಮಿ ನೋಡು' ಅಂತಿದ್ದಳು. ನೋಡಿದ್ರ ಒಂದ್ ಹಳ್ಳು ಕಲ್ಲೂ ಇರ್ತಿರಲಿಲ್ಲ. ಕೆಲಸ ಕೆಡಸಾಕ ಕರೀತಾಳ ಅಂತ ಬೈದೀನ್ರಿ. ಕೈಯಾಗಿನ ಮೊರ ಕಸಗೊಂಡೀನಿ." ನನ್ನ ಮುಖ ನೋಡಿದಳು. "ಹಂಗಾದ್ರ ಅಕಿ ಕಣ್ಣು ಚಲೋನೇ ಇದ್ದುವೇನ್ರಿ?"

"ಚಲೋನೇ ಇದ್ದುವು," ಎಂದೆ.

ಅವಳು ನನಗೆ ಒಂದು ಮಾತು ಕೂಡ ಬೈಯಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಹೊರಗೆ ಬರುತ್ತಾಳೆಂದು ಕಟ್ಟೆಯ ಮೇಲೆ ಕಾಯುತ್ತ ಕೂತೆ. ಬರಲಿಲ್ಲ. ಶಹಾಪುರದ ಬಸ್ಸಿನ ಹೊತ್ತಾದಾಗ, ಚಾಪೆಯನ್ನು ನಾನೇ ಸುತ್ತಿ ಬಾಗಿಲ ಪಕ್ಕಕ್ಕೆ ಒರಗಿಸಿ ಎದ್ದು ಬಂದೆ.