ಬೆನ್ನಿಗೆ ಬೆನ್ನು

ಟಾಂಪೆರೆ ಊರಿನ ಗಿರಣಿ ಕೇರಿಯ ಸೌನಾದಲ್ಲಿ, ಅಂದರೆ ಹಬೆಸ್ನಾನದ ಮನೆಯಲ್ಲಿ, ಹೆಂಗಸರ ಬೆನ್ನು ತಿಕ್ಕುವುದು ಲೆಂಪಿಯ ಕೆಲಸ. ಕೇರಿಯ ಅಷ್ಟೂ ಹೆಂಗಸರ ಬೆನ್ನು ಬಲ್ಲ ಅವಳು ತನ್ನ ಬೆನ್ನನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಅಲ್ಲಿ, ಎಡ ಹೆಗಲಿನ ಕೆಳಗೆ, ಗುಂಡು ಹೊಕ್ಕ ಕಲೆಯಿತ್ತು.

1918ರ ಆ ವಸಂತದಲ್ಲಿ ಫಿನ್‌ಲ್ಯಾಂಡ್ ಕೆಂಪು ಪಡೆ, ಬಿಳಿ ಪಡೆ ಎಂದು ಎರಡಾಗಿ ಹೊಡೆದಾಡಿತ್ತು, ಬಿಳಿಯರು ಗೆದ್ದಿದ್ದರು. ಗಿರಣಿಯ ಕೆಲವು ಹುಡುಗಿಯರು ಪ್ಯಾಂಟು ತೊಟ್ಟು ಕೆಂಪು ಪಡೆಯಲ್ಲಿ ಬಂದೂಕು ಹಿಡಿದಿದ್ದರು. ಸೋತ ಮೇಲೆ, ಸಿಕ್ಕವರಲ್ಲಿ ಹಲವರನ್ನು ಗೋಡೆಗೆ ನಿಲ್ಲಿಸಿ ಮುಗಿಸಿದರು. ಆ ಹುಡುಗಿಯರಲ್ಲೊಬ್ಬಳಾದ ಇಪ್ಪತ್ತೆರಡು ವರ್ಷದ ಲೆಂಪಿ ಸಿಕ್ಕಿರಲಿಲ್ಲ. ಸೌನಾದ ಯಜಮಾನಿ ಹುಲ್ದಾ ಅವಳನ್ನು ಸೌದೆ ರಾಶಿಯ ಹಿಂದೆ ಮೂರು ವಾರ ಮಲಗಿಸಿ, ಗಾಯಕ್ಕೆ ಪೈನ್ ಮರದ ಟಾರು ಬಳಿದು ಬದುಕಿಸಿಕೊಂಡಿದ್ದಳು. ಬದುಕಿಸಿದಳು ಸರಿ, ಭಯ ಬಿಡಿಸುವ ಮದ್ದು ಹುಲ್ದಾಳ ಬಳಿಯೂ ಇರಲಿಲ್ಲ. ಅಂಗಳದಲ್ಲಿ ಬೂಟಿನ ಸದ್ದಾದರೆ ಸಾಕು, ಲೆಂಪಿಯ ಜೀವ ಬಾಯಿಗೆ ಬರುತ್ತಿತ್ತು. ಹಬೆಯ ಕೋಣೆಯಲ್ಲೂ ಅವಳು ದಪ್ಪ ನಾರುಬಟ್ಟೆಯ ನಿಲುವಂಗಿ ತೊಟ್ಟೇ ಕೆಲಸ ಮಾಡುವಳು. ಯಾರಾದರೂ ಕೇಳಿದರೆ ಚರ್ಮಕ್ಕೆ ಬಿಸಿ ಆಗದು ಎನ್ನುವಳು.

ಆ ಸೌನಾದಲ್ಲಿ ಒಂದು ಕಟ್ಟಳೆಯಿತ್ತು. ಹಬೆಯಲ್ಲಿ ಇಬ್ಬರೇ ಉಳಿದರೆ ಬೆನ್ನಿಗೆ ಬೆನ್ನು: ಒಬ್ಬಳು ತಿಕ್ಕಿಸಿಕೊಂಡರೆ ಮತ್ತೊಬ್ಬಳ ಬೆನ್ನನ್ನೂ ತಿಕ್ಕಲೇಬೇಕು. ಕೂಲಿಯವಳಾದರೂ ಸರಿ, ಯಾರಾದರೂ ಸರಿ. ಬೇಡವೆಂದರೆ ಮುಖಕ್ಕೆ ಉಗಿದ ಹಾಗೆ. "ಬಟ್ಟೆ ಬಿಚ್ಚಿದ್ಮೇಲೆ ಪಾದ್ರಿ ಹೆಂಡ್ತೀನೂ ಒಂದೇ, ಪಾತ್ರೆ ತೊಳೆಯೋಳೂ ಒಂದೇ. ಕುಂಡೆ ಸುಡೋದು ಇಬ್ಬರಿಗೂ," ಎನ್ನುತ್ತಿದ್ದಳು ಹುಲ್ದಾ. ಲೆಂಪಿಗೆ ಮಾತ್ರ ಈ ಸಮಾನತೆಯೇ ಉರುಳಾಗಿತ್ತು. ಮೂರನೆಯವಳು ಒಳಗಿರುವ ಹಾಗೆ ನೋಡಿಕೊಳ್ಳುವುದೇ ಅವಳ ದಿನದ ದೊಡ್ಡ ಕೆಲಸವಾಗಿತ್ತು.

ಅಕ್ಟೋಬರಿನಲ್ಲಿ ಬಟ್ಟೆ ವ್ಯಾಪಾರಿಯ ಹೆಂಡತಿ ಸಿಗ್ರಿಡ್ ಅಮ್ಮಾವ್ರು ಬರತೊಡಗಿದರು. ಅವರ ಕಲ್ಲುಮನೆಯ ಸ್ವಂತ ಸೌನಾ ಫಿರಂಗಿಯ ಏಟಿಗೆ ಕುಸಿದಿತ್ತು. ಒಬ್ಬನೇ ಮಗ ಬಿರ್ಗರ್ ಬಿಳಿ ಪಡೆಗೆ ಸೇರಿ ಸತ್ತಿದ್ದ. ಶೋಕದ ಕಪ್ಪು ಬಟ್ಟೆ, ಎದೆಯ ಮೇಲೆ ಸಮವಸ್ತ್ರದಲ್ಲಿದ್ದ ಅವನ ಚಿತ್ರದ ಪದಕ. ಅವರು ಒಳಗೆ ಬಂದರೆ ಗಿರಣಿ ಹೆಂಗಸರ ಹರಟೆ ನಿಲ್ಲುತ್ತಿತ್ತು. ಅಲ್ಲಿದ್ದ ಅರ್ಧ ಮಂದಿಯ ಗಂಡಂದಿರು ಇನ್ನೂ ಬಿಳಿಯರ ಸೆರೆಯಲ್ಲಿದ್ದರು.

ಎರಡನೆಯ ಶನಿವಾರ ಅಮ್ಮಾವ್ರನ್ನು ಕಂಡದ್ದೇ ಹೆಂಗಸರು ಹಬೆಯ ಕೋಣೆಯ ಮೆಟ್ಟಿಲು ಹಲಗೆಗಳಿಂದ ಒಬ್ಬೊಬ್ಬರಾಗಿ ಕೆಳಗಿಳಿದು ಹೋದರು. ಪಾಪ, ಲೆಂಪಿಯ ಕುತ್ತಿಗೆಗೆ ಕತ್ತಿ ಇಡುತ್ತಿದ್ದೇವೆಂದು ಅವರಿಗೇನು ಗೊತ್ತು! ಲೆಂಪಿ ಅಮ್ಮಾವ್ರ ಬೆನ್ನು ತಿಕ್ಕಿದಳು. ಮೂಳೆ ಎಣಿಸಬಹುದಾದ ಬೆನ್ನು. ತಿಕ್ಕಿ ಮುಗಿದದ್ದೇ ನೀರಿನ ಬಕೆಟ್ ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

"ಎಲ್ಲಿಗೆ? ಬಾ, ಕೂತ್ಕೋ. ಈಗ ನಿನ್ನ ಬೆನ್ನು."

"ಬೇಡಿ ಅಮ್ಮಾವ್ರೇ. ನಾನು ಕೂಲಿಯವಳು."

"ನಮ್ಮಜ್ಜಿ ಮನೇಲಿ ಆಳಿನ ಬೆನ್ನೂ ತಿಕ್ಕಿದೀನಿ ಕಣೇ. ಬೇಡ ಅಂತೀಯಲ್ಲ, ನನ್ನ ಕೈ ಅಷ್ಟು ಹೊಲಸಾ? ತೆಗಿ ಆ ಗೋಣಿಚೀಲ."

ಹೊರಗಿನವರು ಕೇಳಿದರೆ ಎಂಥ ದೊಡ್ಡ ಮನಸ್ಸು ಎಂದಾರು. ಲೆಂಪಿಗೋ, ಓಡಿದರೆ ಅನುಮಾನ, ಕೂತರೆ ಸಾವು. ಅವಳು ನಿಲುವಂಗಿ ಕಳಚಿ ಹಲಗೆಯ ಮೇಲೆ ಕೂತಳು.

ಸೋಪು ಹಚ್ಚಿದ ಕೈ ಕುತ್ತಿಗೆಯಿಂದ ಇಳಿಯಿತು. ಹೆಗಲಿನ ಕೆಳಗೆ ಬಂದು ನಿಂತಿತು.

"ಎಲ್ಲಿ ಆಗಿದ್ದು?"

ಮಗ್ಗದ ಕೊಕ್ಕೆ ಚುಚ್ಚಿತು ಎಂಬ ಸುಳ್ಳನ್ನು ಲೆಂಪಿ ಆರು ತಿಂಗಳಿಂದ ಬಾಯಿಪಾಠ ಮಾಡಿದ್ದಳು. ಆದರೆ ಸೌನಾದಲ್ಲಿ ಇಗರ್ಜಿಯಲ್ಲಿದ್ದಂತೆ ಸುಳ್ಳಾಡದೆ ಇರಬೇಕೆಂದು ಹೇಳಿಸಿಕೊಂಡೇ ಬೆಳೆದ ನಾಲಗೆ ಹೊರಳಲಿಲ್ಲ.

"ಸ್ಮಶಾನದ ಗೋಡೆ ಹತ್ರ. ಓಡುವಾಗ."

"ಗೋಡೆ ಒಳಗಡೆಯಾ, ಹೊರಗಡೆಯಾ?"

"ಒಳಗಡೆ. ಕೆಂಪಿನವರ ಕಡೆ."

"ನನ್ನ ಬಿರ್ಗರ್ ಹೊರಗಡೆ ಇದ್ದ." ಅಮ್ಮಾವ್ರು ಕೈ ಹಿಂದೆಗೆದುಕೊಂಡರು. "ನೀನೂ ಗುಂಡು ಹೊಡೆದ್ಯಾ?"

"ಹೊಡೆದೆ ಅಮ್ಮಾ. ಕಣ್ಣು ಮುಚ್ಚಿಕೊಂಡು ಹೊಡೆದೆ. ಯಾರಿಗೆ ತಗಲಿತೋ ಗೊತ್ತಿಲ್ಲ, ದೇವರಾಣೆ."

ಸಿಗ್ರಿಡ್ ಅಮ್ಮಾವ್ರು ಕುದಿನೀರಿನ ತೊಟ್ಟಿಗೆ ಸೌಟು ಹಾಕಿ ತುಂಬಿದರು. ಬೆನ್ನ ಮೇಲೇ ಎರಚುತ್ತಾರೆಂದು ಲೆಂಪಿ ಕಣ್ಣು ಮುಚ್ಚಿಕೊಂಡಳು. ನೀರು ಒಲೆಯ ಕಲ್ಲಿನ ಮೇಲೆ ಬಿದ್ದು ಬುಸ್ಸೆಂದಿತು. ಬೆಂಕಿಯಂಥ ಹಬೆ ಇಳಿದು ಬಂತು. ಇಬ್ಬರೂ ಮೊಣಕಾಲಿಗೆ ತಲೆ ಹಚ್ಚಿ ಒಟ್ಟಿಗೇ ಬಗ್ಗಿದರು. ಹಬೆ ತಗ್ಗಿದ ಮೇಲೆ ಅಮ್ಮಾವ್ರು ಉಳಿದ ಬೆನ್ನನ್ನು ತಿಕ್ಕಿ, ನೀರು ಸುರಿದು, ಇಳಿದು ಹೋದರು.

ಆಮೇಲಿನ ವಾರ ಲೆಂಪಿ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಓಡಿಹೋಗು ಎಂದು ಮನಸ್ಸು ಹೇಳುತ್ತಿತ್ತು. ಗುರುತಿನ ಚೀಟಿ ಇಲ್ಲದವಳು ಎಲ್ಲಿಗೆ ಓಡುವುದು? "ಹಬೇಲಿ ಆಡಿದ ಮಾತು ಹಬೇಲೇ ಇರುತ್ತೆ," ಎಂದಳು ಹುಲ್ದಾ. ಹಾಗೆಂದವಳೇ ಅವಳಿಗೊಂದು ರೊಟ್ಟಿಯ ಗಂಟು ಕಟ್ಟಿಟ್ಟಳು.

ಮುಂದಿನ ಶನಿವಾರ ಮಧ್ಯಾಹ್ನ, ಲೆಂಪಿಯೂ ಹುಲ್ದಾಳೂ ಅಂಗಳದಲ್ಲಿದ್ದಾಗಲೇ ಬೂಟುಗಳು ಬಂದೇ ಬಂದವು. ತೋಳಿಗೆ ಬಿಳಿ ಪಟ್ಟಿ ಕಟ್ಟಿದ ಅಧಿಕಾರಿ, ಹಿಂದೆ ಇಬ್ಬರು ಬಂದೂಕಿನವರು.

"ಇಲ್ಲಿ ಗುಂಡೇಟು ತಿಂದ ಕೆಂಪು ಹುಡುಗಿ ಇದಾಳಂತೆ, ಕೇರಿಯವರೇ ಯಾರೋ ಹೇಳಿದಾರೆ," ಎಂದ ಅವನು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಲೆಂಪಿಯ ಬಲಗೈ ಅದಾಗಿಯೇ ಎಡ ಹೆಗಲಿಗೆ ಹೋಯಿತು. ಅಧಿಕಾರಿ ಅದನ್ನು ನೋಡಿದ.

"ನೀನೇನಾ ಅಂಗಿ ತೊಟ್ಟು ಹಬೆಗೆ ಹೋಗೋಳು? ಬಿಚ್ಚು, ನೋಡೋಣ."

"ಥೂ! ಅಂಗಳದಲ್ಲಿ ಹೆಣ್ಣುಮಗಳ ಬಟ್ಟೆ ಬಿಚ್ಚಿಸ್ತೀಯೇನೋ?" ಹುಲ್ದಾ ಕೂಗಿದಳು. ಬಂದೂಕಿನವನೊಬ್ಬ ಅವಳನ್ನು ಪಕ್ಕಕ್ಕೆ ತಳ್ಳಿದ. ಲೆಂಪಿಯ ಬೆರಳುಗಳು ಅಂಗಿಯ ಗುಂಡಿಯ ಮೇಲೆ ಹೋದವು, ಬಿಚ್ಚಲಾಗಲಿಲ್ಲ.

ಅಷ್ಟರಲ್ಲಿ ಸೌನಾದ ಬಾಗಿಲು ತೆರೆದು ಸಿಗ್ರಿಡ್ ಅಮ್ಮಾವ್ರು ಹೊರಬಂದರು. ಕಪ್ಪು ಕೋಟು, ಒದ್ದೆ ಕೂದಲು, ಕೈಯಲ್ಲಿ ತಲೆವಸ್ತ್ರ. ಪದಕ ನೋಡಿದ ಅಧಿಕಾರಿ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು, ಬಂದ ವಿಷಯ ಹೇಳಿದ.

ಲೆಂಪಿ ನೆಲ ನೋಡಿದಳು. ಮುಗಿಯಿತು ಎಂದುಕೊಂಡಳು.

"ಈ ಹುಡುಗೀನಾ?" ಎಂದರು ಅಮ್ಮಾವ್ರು. "ಹೋದ ಶನಿವಾರ ನಾನೇ ಇವಳ ಬೆನ್ನು ತಿಕ್ಕಿದೀನಿ. ಗಾಯ ಗೀಯ ಏನೂ ಇಲ್ಲ."

"ತಾವು? ಇವಳ ಬೆನ್ನನ್ನ?"

"ಯಾಕಪ್ಪಾ, ನಿಮ್ಮಮ್ಮ ಸೌನಾಕ್ಕೆ ಹೋಗಲ್ವಾ?"

ಅಧಿಕಾರಿಯ ಕಿವಿ ಕೆಂಪಾಯಿತು. ಮಗನನ್ನು ಕೊಟ್ಟ ತಾಯಿ ಕೆಂಪು ಹುಡುಗಿಗಾಗಿ ಸುಳ್ಳು ಹೇಳುತ್ತಾಳೆಂದು ಆ ಊರಲ್ಲಿ ಯಾರೂ ಊಹಿಸಲಾರರು. ಅವನು ಕ್ಷಮೆ ಕೇಳಿ, ತನ್ನವರನ್ನು ಕರೆದುಕೊಂಡು ಹೊರಟುಹೋದ.

ಬೂಟಿನ ಸದ್ದು ತಿರುವಿನಲ್ಲಿ ಕರಗುವ ತನಕ ಅಮ್ಮಾವ್ರು ಅಲುಗಲಿಲ್ಲ. ಆಮೇಲೆ ತಲೆವಸ್ತ್ರ ಕಟ್ಟಿಕೊಳ್ಳಲು ಹೋದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಗಂಟು ಬೀಳುತ್ತಲೇ ಇರಲಿಲ್ಲ. ಕಟ್ಟಿಕೊಡಲೆಂದು ಲೆಂಪಿ ಎರಡು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದಳು.

"ಮುಟ್ಟಬೇಡ!" ಎಂದರು ಸಿಗ್ರಿಡ್ ಅಮ್ಮಾವ್ರು. ಅವರ ತುಟಿ ಬಿಳಿಚಿಕೊಂಡಿತ್ತು. "ಇದು ಅಂಗಳ. ಇಲ್ಲಿ ನಾನು ಬಿರ್ಗರ್‌ನ ತಾಯಿ."

ತಲೆವಸ್ತ್ರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗೇಟಿನವರೆಗೆ ನಡೆದರು. ಅಲ್ಲಿ ನಿಂತು, ತಿರುಗಿ ನೋಡದೆಯೇ ಹೇಳಿದರು:

"ಬರೋ ಶನಿವಾರ ಮೂರು ಗಂಟೆಗೆ ಬರ್ತೀನಿ. ಹಬೆ ಒಳಗಿರು."